ಹೆಸರು ಹಿಡಿದು ಕರೆಯೋಣ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶಿಶುವಿಗೆ ಜ್ಞಾನಸ್ನಾನ ನೀಡುವಾಗ ಗುರುಗಳು ಮೊದಲು ಕೇಳುವುದು ಮಗುವಿನ ಹೆಸರನ್ನು. ಕುಲವನ್ನಾಗಲಿ ಬಣ್ಣವನ್ನಾಗಲಿ ಧರ್ಮಸಭೆ ಅಲ್ಲಿ ಕೇಳುವುದಿಲ್ಲ. ಆ ಪ್ರಶ್ನೆಯನ್ನು ದೇವಾಲಯದ ಹೊರಗೂ ನಾವು ನೆನಪಿನಲ್ಲಿಟ್ಟಿದ್ದೇವೆಯೇ ಎಂದು ಈ ಶುಭವೇಳೆಯಲ್ಲಿ ಆತ್ಮಶೋಧನೆ ಮಾಡಿಕೊಳ್ಳುವುದು ಉಚಿತವೆಂದು ಭಾವಿಸುತ್ತೇವೆ.

ಮುಂಡಗೋಡ, ಹಳಿಯಾಳ, ಯಲ್ಲಾಪುರ, ಜೋಯಿಡಾ ಸೀಮೆಯ ಸಿದ್ದಿ ಬಂಧುಗಳನ್ನು ಅರಿಯದವರು ನಮ್ಮಲ್ಲಿಲ್ಲ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ, ಕ್ರೈಸ್ತರೂ ಅನೇಕರಿದ್ದಾರೆ. ಅವರ ಪೂರ್ವಜರಲ್ಲಿ ಬಹುಮಂದಿ ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಗೋವೆಯ ಸನ್ಯಾಸಿ ಮಠಗಳೂ ಗುಲಾಮರನ್ನು ಇಟ್ಟುಕೊಂಡಿದ್ದವೆಂಬುದನ್ನು ಮರೆಮಾಚಲಾಗದು. 1839ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು, ಆ ವ್ಯಾಪಾರದ ಸ್ಮಾರಕವಾದ ಸೆನೆಗಲ್ ದೇಶದ ಗೋರೆ ದ್ವೀಪದಲ್ಲಿ ನಿಂತು, ಕ್ರೈಸ್ತರು ಮಾಡಿದ ಈ ಪಾಪಕ್ಕಾಗಿ ಕ್ಷಮೆ ಬೇಡಿದರು.

ಹಾಗಾದರೆ ನಾವೂ ಅಪರಾಧಿಗಳೇ? ತಂದೆಯ ಪಾಪವನ್ನು ಮಗನು ಹೊರುವುದಿಲ್ಲವೆಂದು ಪ್ರವಾದಿ ಯೆಜೆಕಿಯೇಲನು ಸಾರಿದ್ದಾನೆ. ನಾವು ಮಾಡದ ಪಾಪವನ್ನು ಪಾಪನಿವೇದನೆಯಲ್ಲಿ ಹೇಳಲಾಗದು. ಆದರೆ ತಂದೆಯ ಗದ್ದೆಯನ್ನು ಉಣ್ಣುವ ಮಗನು, ಗದ್ದೆಯ ಮೇಲಿನ ಸಾಲ ತನ್ನದಲ್ಲವೆನ್ನಬಹುದೇ? ನಮ್ಮಲ್ಲಿ ಅನೇಕರಿಗೆ ತಲೆಮಾರುಗಳಿಂದ ಭೂಮಿ, ಅಕ್ಷರ, ಸಭೆಯಲ್ಲಿ ಮುಂದಿನ ಆಸನ ದೊರೆತವು; ಅವರಲ್ಲಿ ಬಹಳಷ್ಟು ಮಂದಿಗೆ ಪರರ ಹೊಲದ ಕೂಲಿ ದೊರೆಯಿತು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುದನ್ನು ಔದಾರ್ಯವೆಂದು ಬಗೆಯುವವರುಂಟು. ಅದು ಔದಾರ್ಯವಲ್ಲ, ಹಳೆಯ ಬಾಕಿಯ ಒಂದು ಕಂತು.

ಹಿಂದಿನ ಪಾಪ ನಮ್ಮದಲ್ಲದಿದ್ದರೂ ಇಂದಿನ ರೂಢಿ ನಮ್ಮದೇ. ಬೆಂಚು ಹೊರಬೇಕಾದಾಗ “ಏ ಸಿದ್ದಿ” ಎಂದು ಕೂಗುತ್ತೇವೆ, ಹೆಸರು ಕೇಳುವುದಿಲ್ಲ. ಹೊಗಳುವಾಗಲೂ ಅದೇ ತಪ್ಪು: ಸಿದ್ದಿಗಳೆಂದರೆ ಓಟಗಾರರು, ಡಮಾಮಿ ಕುಣಿತದವರು ಎನ್ನುತ್ತೇವೆ. ಕುಣಿಯಲು ನಾಚುವ, ಲೆಕ್ಕದಲ್ಲಿ ಜಾಣೆಯಾದ ಹುಡುಗಿಯೂ ಅವರಲ್ಲಿರಬಹುದೆಂದು ಯೋಚಿಸುವುದಿಲ್ಲ. ತಾತ್ಸಾರವೂ ಹೊಗಳಿಕೆಯೂ ಚರ್ಮದ ಬಳಿಯೇ ನಿಂತುಬಿಡುತ್ತವೆ. ಬರಿಯ ಕನಿಕರವೂ ಅಂಥದೇ. ಅದು ಎದುರಿಗಿದ್ದವನನ್ನು ಸಮಾನನಾಗಲು ಬಿಡುವುದಿಲ್ಲ.

ಸಂತ ಪೌಲನು ಗುಲಾಮನಾದ ಒನೇಸಿಮನನ್ನು ಒಡೆಯ ಫಿಲೆಮೋನನ ಬಳಿಗೆ ಮರಳಿ ಕಳುಹಿಸುವಾಗ, ಪತ್ರದಲ್ಲಿ ಅವನ ಹೆಸರನ್ನು ಬರೆದನು. ಸಹೋದರನೆಂದು ಬರಮಾಡಿಕೊಳ್ಳುವಂತೆ ಬೇಡಿದನು. ಅಷ್ಟೇ ಅಲ್ಲ, ಅವನಿಂದ ಬರಬೇಕಾದ ಸಾಲವಿದ್ದರೆ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳೆಂದನು. ಹೆಸರು ಹಿಡಿಯುವುದು, ಸಾಲ ಹೊರುವುದು – ಇವೆರಡೂ ಆ ಪುಟ್ಟ ಪತ್ರದಲ್ಲಿ ಜೊತೆಗಿವೆ.

ನಾವೂ ಅಂತೆಯೇ ನಡೆಯೋಣ. ಬೆಂಚು ಹೊರಲು ಕರೆದವರನ್ನು ದೇವವಾಕ್ಯ ಓದಲೂ ಕರೆಯೋಣ, ಧರ್ಮಕೇಂದ್ರದ ಸಮಿತಿಯಲ್ಲಿ ಪಕ್ಕದಲ್ಲಿ ಕೂಡಿಸೋಣ, ಅವರ ಮಕ್ಕಳ ಓದಿಗೆ ಹೆಗಲು ಕೊಡೋಣ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಎಲ್ಲರ ಹೆಸರೂ ಒಂದೇ ಶಾಯಿಯಲ್ಲಿವೆ. ನಮ್ಮ ನಾಲಗೆಯ ಮೇಲೂ ಹಾಗೆಯೇ ಇರುವಂತೆ ಪ್ರಭು ಕ್ರಿಸ್ತರು ನಮ್ಮನ್ನು ಹರಸಲಿ.