ಅಚ್ಚು ಅವರದು, ಮಣ್ಣು ನಮ್ಮದು

'ಮಾಂಗಾ' ಎಂಬ ಮಾತು ಕೇಳಿದರೆ, ಕಾಸರಗೋಡಿನ ಕಡೆಯಿಂದ ಮಂಗಳೂರಿನ ಕಾಲೇಜುಗಳಿಗೆ ಬರುವ ಮಲಯಾಳ ಬಲ್ಲ ಗೆಳೆಯರಿಗೆ ಮಾವಿನಕಾಯಿ ನೆನಪಾದೀತು. ನಾನು ಇಂದು ಹೇಳಹೊರಟಿರುವುದು ಜಪಾನಿನ ಮಾಂಗಾ ಕುರಿತು. ಅಲ್ಲಿ ಚಿತ್ರಕಥೆಗೆ ಇರುವ ಹೆಸರು ಅದು. ಆ ಶೈಲಿಯಲ್ಲಿ ಬರೆದ ಪ್ರೇಮಕಥೆಗಳನ್ನು ನಿಮ್ಮಲ್ಲಿ ಹಲವರು ಇಂಗ್ಲಿಷಿನಲ್ಲಿ ಓದುತ್ತಿದ್ದೀರಿ. ಕೆಲವರು ಪುಸ್ತಕವಾಗಿ ಓದುತ್ತೀರಿ, ಇನ್ನು ಕೆಲವರು ಮೊಬೈಲಿನಲ್ಲಿ. ನಮ್ಮ ಜೆಪ್ಪುವಿನಲ್ಲಿ ಬಸ್ಸಿಗೆ ಕಾಯುವ ಮಕ್ಕಳ ಕೈಯಲ್ಲೂ ಅವನ್ನು ಕಾಣಬಹುದು. ಹಿರಿಯರು ಹತ್ತಿರ ಬಂದರೆ ಪುಟ ಮುಚ್ಚಿಹೋಗುತ್ತದೆ. ಹಾಗೆ ಮುಚ್ಚಿಡಬೇಕಾದ ಓದೇ ಇದು? ಒಬ್ಬ ಓದುಗನಾಗಿ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಇದರ ಹಿನ್ನೆಲೆ ನೋಡೋಣ. ಜಪಾನಿನಲ್ಲಿ ಹುಡುಗಿಯರಿಗಾಗಿಯೇ ಬರುವ ಚಿತ್ರಕಥೆಗಳಿಗೆ 'ಶೋಜೋ ಮಾಂಗಾ' ಎಂದು ಹೆಸರು. ಒಸಾಮು ತೆಜುಕಾ ಎಂಬ ಕಲಾವಿದ 1953ರಲ್ಲಿ ಆರಂಭಿಸಿದ 'ರಿಬ್ಬನ್ ನೋ ಕಿಶಿ' ಈ ದಾರಿಯ ಒಂದು ಮೈಲಿಗಲ್ಲು. ಗಂಡುಮಗನಿಗೆ ಮಾತ್ರ ಕಿರೀಟ ಎಂಬ ಕಟ್ಟಳೆ ಇರುವ ರಾಜ್ಯದಲ್ಲಿ, ರಾಜಕುಮಾರನ ವೇಷದಲ್ಲಿ ಬೆಳೆಯುವ ರಾಜಕುಮಾರಿಯ ಕಥೆ ಅದು. ತೆಜುಕಾ ಬೆಳೆದದ್ದು ತಕರಾಜುಕಾ ಎಂಬ ಊರಿನಲ್ಲಿ. ಅಲ್ಲಿನ ಪ್ರಸಿದ್ಧ ನಾಟಕ ತಂಡದಲ್ಲಿ ಪುರುಷವೇಷಗಳನ್ನೂ ಹೆಂಗಸರೇ ಮಾಡುತ್ತಾರೆ. ಯಕ್ಷಗಾನದ ಮೇಳಗಳಲ್ಲಿ ಗಂಡಸರು ಸ್ತ್ರೀವೇಷ ಮಾಡುವುದನ್ನು ಕಂಡ ನಮಗೆ ಇದು ಕನ್ನಡಿಯಲ್ಲಿ ತಿರುಗಿ ಕಂಡಂತೆ!

ಆರಂಭದಲ್ಲಿ ಹುಡುಗಿಯರ ಕಥೆಗಳನ್ನು ಹೆಚ್ಚಾಗಿ ಬರೆದವರು ಗಂಡಸರು. ಎಪ್ಪತ್ತರ ದಶಕದಲ್ಲಿ ಲೇಖನಿ ಹೆಂಗಸರ ಕೈಗೆ ಬಂತು. ಮೋಟೊ ಹಾಗಿಯೊ, ಕೇಕೊ ತಾಕೆಮಿಯಾ, ರಿಯೋಕೊ ಇಕೆದಾ ಮೊದಲಾದವರು ಪುಟದ ರೂಪವನ್ನೇ ಬದಲಾಯಿಸಿದರು. ಸಾಲಾಗಿ ನಿಂತಿದ್ದ ಚೌಕಗಳು ಒಡೆದವು. ಮನಸ್ಸಿನ ಮಾತು ಗುಳ್ಳೆಯಿಂದ ಹೊರಬಂದು ಪುಟದ ತುಂಬ ಹರಿಯಿತು. ಒಂದು ಕಣ್ಣು, ಉದುರುವ ಹೂವು, ಏನೂ ಇಲ್ಲದ ಬಿಳಿ ಜಾಗ, ಇವೂ ಕಥೆ ಹೇಳತೊಡಗಿದವು. ಇಕೆದಾ ಅವರು 1972ರಲ್ಲಿ ಆರಂಭಿಸಿದ 'ವರ್ಸೇಲ್ಸ್‌ನ ಗುಲಾಬಿ'ಯಲ್ಲಿ ಫ್ರೆಂಚ್ ಕ್ರಾಂತಿಯೇ ಪ್ರೇಮಕಥೆಯ ಹಿನ್ನೆಲೆ.

ಈ ಶೈಲಿ ಇಂಗ್ಲಿಷಿಗೆ ಬಂದ ಬಗೆಯೂ ಸ್ವಾರಸ್ಯವಾದುದು. ಅನುವಾದಗಳು ಬಂದವು ಎಂಬುದು ಸರಿ. ಆದರೆ ಹಾರ್ಲೆಕ್ವಿನ್ ಎಂಬ ಕೆನಡಾದ ಸಂಸ್ಥೆಯ ಇಂಗ್ಲಿಷ್ ಪ್ರೇಮಕಾದಂಬರಿಗಳನ್ನು ಜಪಾನಿನ ಕಲಾವಿದೆಯರು ಮಾಂಗಾ ಆಗಿ ಬರೆದರು. ಅವುಗಳಲ್ಲಿ ಕೆಲವನ್ನು ಅಮೆರಿಕದ ಡಾರ್ಕ್ ಹಾರ್ಸ್ ಸಂಸ್ಥೆ 2005ರ ಕೊನೆಯಿಂದ ಮರಳಿ ಇಂಗ್ಲಿಷಿನಲ್ಲಿ ಹೊರತಂದಿತು. ಕಿರಿಯ ಓದುಗರಿಗೆ ಗುಲಾಬಿ ಬಣ್ಣದ ಶಾಯಿ, ಹಿರಿಯರಿಗೆ ನೇರಳೆ ಶಾಯಿ! ಕಥೆ ಅದೇ, ಆದರೆ ಸಾಗರ ದಾಟಿ ಹೋಗಿ, ಬೇರೆ ಉಡುಪು ತೊಟ್ಟು ಹಿಂದಿರುಗಿತು.

ಇನ್ನೊಂದು ಬಗೆ, ಮೂಲದಲ್ಲೇ ಇಂಗ್ಲಿಷಿನಲ್ಲಿ ರಚಿಸಿದ ಮಾಂಗಾ. ರಷ್ಯಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಕೆನಡಾಕ್ಕೆ ಬಂದ ಸ್ವೆತ್ಲಾನಾ ಚ್ಮಾಕೋವಾ ಬರೆದ 'ಡ್ರಾಮಾಕಾನ್' ಇದಕ್ಕೆ ಒಳ್ಳೆಯ ಉದಾಹರಣೆ. 2005ರಿಂದ 2007ರವರೆಗೆ ಮೂರು ಸಂಪುಟಗಳಲ್ಲಿ ಬಂತು. ಚಿತ್ರಕಥೆ ಬರೆಯುವ ಆಸೆಯ ಕ್ರಿಸ್ಟಿ ಎಂಬ ಹುಡುಗಿ ಅಭಿಮಾನಿಗಳ ಸಮ್ಮೇಳನವೊಂದಕ್ಕೆ ಹೋಗುವುದು, ಅಲ್ಲಿ ಮ್ಯಾಟ್ ಎಂಬ ಹುಡುಗನ ಪರಿಚಯವಾಗುವುದು, ಇಷ್ಟೇ ಕಥೆಯ ಎಳೆ. ಬರೆದವರು ಜಪಾನಿನವರಲ್ಲ, ಪಾತ್ರಗಳೂ ಅಲ್ಲ. ಆದರೂ ಮೊದಲ ಪುಟದಲ್ಲೇ ಇದು ಮಾಂಗಾ ಎಂದು ಗೊತ್ತಾಗುತ್ತದೆ.

ಇವೆಲ್ಲ 'ಹಗುರ ಓದು' ಎಂದು ತಳ್ಳಿಹಾಕುವವರಿದ್ದಾರೆ. ಅವರಿಗೆ ನಾನು ನಮ್ಮ ತ್ರಿವೇಣಿಯವರನ್ನು ನೆನಪಿಸುತ್ತೇನೆ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಆಕೆಯ ಕಾದಂಬರಿಗಳನ್ನೂ 'ಹೆಂಗಸರ ಓದು' ಎಂದು ಮೂಗು ಮುರಿದವರು ಕಡಿಮೆಯೇನಲ್ಲ. ಆದರೆ 'ಶರಪಂಜರ'ದಲ್ಲಿ, ಮಾನಸಿಕ ಕಾಯಿಲೆಯಿಂದ ಗುಣಮುಖಳಾಗಿ ಬಂದ ಹೆಣ್ಣನ್ನು ಸಮಾಜ ಮತ್ತೆ ಹೇಗೆ ಕಾಯಿಲೆಗೆ ನೂಕುತ್ತದೆ ಎಂಬುದನ್ನು ಆಕೆ ತೋರಿಸಿದರು. ಒಂದು ಕೃತಿ ಹಗುರವೋ ಭಾರವೋ ಎಂಬುದನ್ನು ಅದನ್ನು ಓದುವವರು ಯಾರು ಎಂಬುದರಿಂದ ಅಳೆಯಬಾರದು.

ಹಾಗೆಂದು ಕಣ್ಣು ಮುಚ್ಚಿ ಓದಿ ಎಂದು ನಾನು ಹೇಳುತ್ತಿಲ್ಲ. ಈ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಒಂದು ದೃಶ್ಯ ನಿಮಗೆ ಗೊತ್ತು. ಹುಡುಗಿಯ ಬೆನ್ನಿಗೆ ಗೋಡೆ. ಹುಡುಗ ಆ ಗೋಡೆಗೆ ಧಡ್ ಎಂದು ಕೈ ಬಡಿದು ದಾರಿ ಕಟ್ಟುತ್ತಾನೆ. ಜಪಾನೀಯರು ಇದಕ್ಕೆ 'ಕಾಬೆದೋನ್' ಎನ್ನುತ್ತಾರೆ. ಕಾಬೆ ಎಂದರೆ ಗೋಡೆ, ದೋನ್ ಎಂದರೆ ಆ ಸದ್ದು. 2014ರಲ್ಲಿ ಅಲ್ಲಿ ಇದು ಮನೆಮಾತಾಗಿತ್ತು. ಚಿತ್ರದಲ್ಲಿ ನೋಡಲು ಚೆನ್ನ. ಹುಡುಗಿಯ ಕೆನ್ನೆ ಕೆಂಪಾಗುತ್ತದೆ, ಹಿನ್ನೆಲೆಯಲ್ಲಿ ಹೂವು ಅರಳುತ್ತದೆ. ಆದರೆ ನಿಮ್ಮ ಕಾಲೇಜಿನ ಮೆಟ್ಟಿಲಿನ ಬಳಿ ಒಬ್ಬ ಹೀಗೆ ದಾರಿ ಕಟ್ಟಿದರೆ ಅರಳುವುದು ಹೂವಲ್ಲ, ಹುಟ್ಟುವುದು ಭಯ. ನಾಯಕಿ ಬೇಡವೆಂದರೂ ಹಿಂದೆ ಬೀಳುವ ನಾಯಕನನ್ನು ನಮ್ಮ ಸಿನಿಮಾಗಳೂ ಬೇಕಾದಷ್ಟು ತೋರಿಸಿವೆ. ಬೇಡ ಎಂದರೆ ಬೇಡವೆಂದೇ ಅರ್ಥ. ಇದನ್ನು ಹುಡುಗರೂ ಹುಡುಗಿಯರೂ ಈ ವಯಸ್ಸಿನಲ್ಲೇ ತಿಳಿಯಬೇಕು.

ಇಲ್ಲಿ 'ಡ್ರಾಮಾಕಾನ್' ನನಗೆ ಮೆಚ್ಚಿಗೆಯಾಗುತ್ತದೆ. ಕ್ರಿಸ್ಟಿಯ ಮೊದಲ ಗೆಳೆಯ ಅವಳ ಒಪ್ಪಿಗೆಯಿಲ್ಲದೆ ಮುಂದುವರಿಯಲು ನೋಡುವ ಸಂದರ್ಭವೊಂದು ಅದರಲ್ಲಿದೆ. ಅದನ್ನು ಲೇಖಕಿ ಪ್ರೀತಿಯ ಆವೇಗವೆಂದು ಬಣ್ಣಿಸುವುದಿಲ್ಲ. ತಪ್ಪನ್ನು ತಪ್ಪೆಂದೇ ಬರೆಯುತ್ತಾಳೆ. ನೀವು ಯಾವ ಪ್ರೇಮಕಥೆ ಓದಿದರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಚಿತ್ರದಿಂದ ಹೂವುಗಳನ್ನು ಅಳಿಸಿಹಾಕಿದರೆ ಉಳಿಯುವುದು ಪ್ರೀತಿಯೋ, ಬಲಾತ್ಕಾರವೋ?

ಇನ್ನು ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ಈ ಕಥೆಗಳನ್ನು ಇಂಗ್ಲಿಷಿನಲ್ಲಿ ಓದುವಾಗ ಒಂದು ಸೊಗಸು ಸೋರಿಹೋಗುತ್ತದೆ. ಜಪಾನಿನಲ್ಲಿ ಪರಿಚಯದವರನ್ನು ಮನೆತನದ ಹೆಸರಿಗೆ 'ಸಾನ್' ಎಂಬ ಗೌರವದ ಮಾತು ಸೇರಿಸಿ ಕರೆಯುವುದು ವಾಡಿಕೆ. ಒಂದು ದಿನ ಅವನು ಅವಳ ಸ್ವಂತ ಹೆಸರನ್ನಷ್ಟೇ ಹಿಡಿದು ಕರೆಯುತ್ತಾನೆ. ಓದುಗರ ಎದೆ ಝಲ್ಲೆನ್ನುವುದು ಆ ಕ್ಷಣದಲ್ಲಿ. ಇಂಗ್ಲಿಷಿನ 'ಯೂ' ಎಂಬ ಒಂದೇ ಮಾತಿನಲ್ಲಿ ಈ ಏರಿಳಿತವಿಲ್ಲ. ಅದಕ್ಕಾಗಿಯೇ ಹಲವು ಅನುವಾದಕರು 'ಸಾನ್' ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ.

ನಮಗೆ ಆ ಕಷ್ಟವಿದೆಯೇ? 'ನೀವು' ಎನ್ನುತ್ತಿದ್ದವಳು ಮೊದಲ ಸಲ 'ನೀನು' ಎನ್ನುವಾಗ ಏನಾಗುತ್ತದೆಂದು ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ. ತುಳುವಿನಲ್ಲಿ 'ಈರ್' ಹೋಗಿ 'ಈ' ಬಂದರೂ ಹಾಗೆಯೇ. ಜೆಪ್ಪುವಿನ ಒಂದೇ ಓಣಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಕೇಳುತ್ತವೆ. ಇಲ್ಲಿನ ಇಬ್ಬರು ಮೊದಲು ಯಾವ ಭಾಷೆಯಲ್ಲಿ ಮಾತಾಡಿದರು, ಯಾವಾಗ ಇನ್ನೊಬ್ಬರ ಮನೆಮಾತಿಗೆ ಹೊರಳಿದರು ಎಂಬುದೇ ಒಂದು ಪ್ರೇಮಕಥೆಯಾದೀತು. ಇದನ್ನು ಟೋಕಿಯೋದವರು ಬರೆಯಲಾರರು, ಟೊರಾಂಟೋದವರೂ ಬರೆಯಲಾರರು.

ಪರದೇಶದ ಶೈಲಿ ನಮಗೇಕೆ ಎನ್ನುವವರು ಜೆಪ್ಪುವಿನ ಮನೆಗಳ ಮಾಡನ್ನೊಮ್ಮೆ ನೋಡಲಿ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದಲ್ಲಿ, ಮೋರ್ಗನ್ಸ್ ಗೇಟಿನ ಸಮೀಪ ಹಂಚಿನ ಕಾರ್ಖಾನೆ ತೆರೆದರು. ಮುಂದಾಳು ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹಂಚಿನ ಅಚ್ಚು ಯುರೋಪಿನದು, ಮಣ್ಣು ನಮ್ಮ ಹೊಳೆಬದಿಯದು. ಲೋಕ ಅದನ್ನು ಕರೆದದ್ದು ಮಂಗಳೂರು ಹಂಚು ಎಂದು! ಪುಸ್ತಕದ ಮಾತಿಗೇ ಬಂದರೆ, ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರೂ ಪಾಶ್ಚಾತ್ಯ ಕಾಮಿಕ್ಸ್‌ನ ಅಚ್ಚಿನಲ್ಲಿ ನಮ್ಮ ಪುರಾಣದ ಮಣ್ಣನ್ನು ತುಂಬಿ 'ಅಮರ ಚಿತ್ರಕಥೆ'ಯನ್ನು ಬೆಳೆಸಿದರು.

ಆದ್ದರಿಂದ ಮಿತ್ರರೇ, ಓದಿ. ಮುಚ್ಚಿಡದೆ ಓದಿ, ಗೆಳೆಯರೊಡನೆ ಚರ್ಚಿಸಿ. ಆಗುವುದಾದರೆ ಪುಸ್ತಕವನ್ನು ಕೊಂಡು ಅಥವಾ ಗ್ರಂಥಾಲಯದಿಂದ ತಂದು ಓದಿ, ಏಕೆಂದರೆ ಕದ್ದು ಹರಿಯಬಿಟ್ಟ ಪುಟಗಳಿಂದ ಅದನ್ನು ಬರೆದ ಕಲಾವಿದೆಗೆ ಒಂದು ಕಾಸೂ ಸಿಗುವುದಿಲ್ಲ. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮೂರು ಸಲ ಮಡಿಸಿ ಬಿಡಿಸಿದರೆ ಎಂಟು ಮನೆಗಳಾಗುತ್ತವೆ. ಕಪ್ಪು ಶಾಯಿಯ ಒಂದು ಪೆನ್ನು ಸಾಕು. ನಿಮ್ಮ ಓಣಿಯ ಇಬ್ಬರನ್ನು ಅದರಲ್ಲಿ ನಿಲ್ಲಿಸಿ, ನಿಮ್ಮ ಮನೆಮಾತಿನಲ್ಲಿ ಮಾತಾಡಿಸಿ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡಿ. ಕಣ್ಣು ದೊಡ್ಡದಾಗಿ ಬರೆದರೂ ಅಡ್ಡಿಯಿಲ್ಲ, ಆ ಕಣ್ಣು ಕಾಣುವ ಊರು ನಿಮ್ಮದಾಗಿರಲಿ.