ಬೂಕನಕೆರೆಯವರ ಬಜೆಟ್ ಲೆಕ್ಕ

(ಸಂತೆಬಾಚಹಳ್ಳಿಯ ಸಭಿಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸಂತೆಬಾಚಹಳ್ಳಿ, ಬೂಕನಕೆರೆ ಎರಡೂ ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿಗಳು. ಬೂಕನಕೆರೆಯಲ್ಲಿ 1943ರಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪನವರು ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದು, ಅದೇ ಊರಿನಿಂದ 1983ರಲ್ಲಿ ವಿಧಾನಸಭೆಗೆ ಹೋದದ್ದು ಈ ಸೀಮೆಗೆ ಗೊತ್ತಿರುವ ಕಥೆ. ಅವರು ಎಂಟು ಬಜೆಟ್ ಮಂಡಿಸಿದರೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. 2006 ಮತ್ತು 2007ರಲ್ಲಿ ಉಪಮುಖ್ಯಮಂತ್ರಿಯಾಗಿ ಎರಡು, ಮುಖ್ಯಮಂತ್ರಿಯಾದ ಮೇಲೆ ಆರು. ಸರ್ಕಾರದ ಹಣ ಯಾರಿಗೆ, ಯಾವ ದಾರಿಯಲ್ಲಿ ತಲುಪಬೇಕು ಎಂಬ ಬಗ್ಗೆ ಅವರ ನಿಲುವೇನು ಎಂಬುದಕ್ಕೆ ಭಾಷಣಗಳಿಗಿಂತ ಆ ಎಂಟು ಬಜೆಟ್‌ಗಳೇ ನಂಬಲರ್ಹ ಸಾಕ್ಷಿ.

ಮಂಡ್ಯ ಸೀಮೆಯವರಿಗೆ ಸರ್ಕಾರಿ ಖರ್ಚು ಎಂದೊಡನೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. 1911ರಲ್ಲಿ ಆರಂಭವಾದ ಆ ಕೆಲಸಕ್ಕೆ ಇಷ್ಟು ಹಣ ಸುರಿಯುವುದು ಸರಿಯೇ ಎಂದು ಮೈಸೂರು ಸರ್ಕಾರದೊಳಗೇ ತಕರಾರಿತ್ತು. ಕಟ್ಟೆಯ ಖರ್ಚು ದೊಡ್ಡದಾದರೂ ಒಮ್ಮೆ ಕಟ್ಟಿದರೆ ನೀರು ತಲೆಮಾರುಗಳವರೆಗೆ ಹರಿಯುತ್ತದೆ. ಯಡಿಯೂರಪ್ಪನವರ ಹೆಸರಿನೊಡನೆ ಬೆಸೆದುಕೊಂಡಿರುವ ಖರ್ಚು ಬೇರೆ ಬಗೆಯದು. ಅದು ಕಟ್ಟೆಗೆ ಹೋಗದೆ, ವ್ಯಕ್ತಿಯ ಹೆಸರಿಗೆ ಹೋಗುತ್ತದೆ. ಹಾಗಾಗಿ ಪ್ರತಿವರ್ಷವೂ ಹೊಸದಾಗಿ ಹಣ ಹೊಂದಿಸಬೇಕು.

ಭಾಗ್ಯಲಕ್ಷ್ಮಿ ಇದಕ್ಕೆ ಒಳ್ಳೆಯ ಉದಾಹರಣೆ. 2006ರ ಮಾರ್ಚ್ 31ರ ನಂತರ ಬಡತನ ರೇಖೆಯ ಕೆಳಗಿನ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಮೊದಲಿಗೆ 10,000 ರೂಪಾಯಿ ಠೇವಣಿ ಇಟ್ಟಿತು. 2008ರ ನಂತರ ಈ ಮೊತ್ತವನ್ನು ಹೆಚ್ಚಿಸಿ, 18 ವರ್ಷ ತುಂಬಿದಾಗ ಸುಮಾರು 1 ಲಕ್ಷ ರೂಪಾಯಿ ಕೈಸೇರುವಂತೆ ಮಾಡಲಾಯಿತು. ಮಗು ಶಾಲೆಗೆ ಹೋಗಬೇಕು, ಕೂಲಿಗೆ ಕಳಿಸಕೂಡದು, 18ರೊಳಗೆ ಮದುವೆ ಮಾಡಕೂಡದು ಎಂಬ ಷರತ್ತುಗಳಿದ್ದವು. ಬಜೆಟ್ ಒಂದು ವರ್ಷದ್ದು, ಷರತ್ತು 18 ವರ್ಷದ್ದು. ಮೊದಲ ವರ್ಷದ ಹುಡುಗಿಯರ ಠೇವಣಿ ಪಕ್ವವಾಗತೊಡಗಿದ್ದು 2024ರಲ್ಲಿ. ಆ ಹೊತ್ತಿಗೆ ಯೋಜನೆ ತಂದವರು ಅಧಿಕಾರದಲ್ಲಿರಲಿಲ್ಲ, ಅವರ ಪಕ್ಷವೂ ಇರಲಿಲ್ಲ. ಆದರೂ ಹಣ ಮೊದಲೇ ಠೇವಣಿಯಾಗಿದ್ದುದರಿಂದ ಮಾತು ಉಳಿಯುವ ಏರ್ಪಾಡಿತ್ತು. ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗೆ ಅಂಥ ರಕ್ಷಣೆ ಇರಲಿಲ್ಲ. ಕೋವಿಡ್ ಬಂದ ವರ್ಷ ಅದು ನಿಂತುಹೋಯಿತು.

ಇನ್ನು ರೈತರ ವಿಚಾರ. ಬಂಗಾರಪ್ಪನವರ ಕಾಲದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತು 2008ರಲ್ಲಿ ಯಡಿಯೂರಪ್ಪನವರ ಸರ್ಕಾರದೊಡನೆ ಮರಳಿ ಬಂತು. 2011ರ ಫೆಬ್ರುವರಿಯಲ್ಲಿ ಅವರು ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದರು. ದೇಶದಲ್ಲಿ ಅದೇ ಮೊದಲನೆಯದು. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸಂವಿಧಾನದ 202ನೇ ವಿಧಿಯ ಪ್ರಕಾರ ರಾಜ್ಯಕ್ಕಿರುವುದು ಒಂದೇ ವಾರ್ಷಿಕ ಆಯವ್ಯಯ. ಕೃಷಿ, ತೋಟಗಾರಿಕೆ, ಪಶುಸಂಗೋಪನೆ, ನೀರಾವರಿ, ಪಂಪ್‌ಸೆಟ್ ಸಹಾಯಧನ ಎಂದು ಹಲವು ಇಲಾಖೆಗಳಲ್ಲಿ ಹಂಚಿಹೋಗಿದ್ದ ಹಣವನ್ನು ಒಂದೇ ಪುಸ್ತಕದಲ್ಲಿ ಕೂಡಿಸಿಟ್ಟಿದ್ದೇ ಕೃಷಿ ಬಜೆಟ್. ಒಟ್ಟು 85,319 ಕೋಟಿಯಲ್ಲಿ ಅದರ ಪಾಲು 17,857 ಕೋಟಿ, ಅಂದರೆ ರೂಪಾಯಿಗೆ 21 ಪೈಸೆ. ಅದರಲ್ಲಿ ಬಹುಪಾಲು ಹೊಸ ಹಣವಲ್ಲ ಎಂದು ಟೀಕಿಸಿದವರ ಮಾತು ಸುಳ್ಳಲ್ಲ. ಆದರೆ ಚದುರಿದ್ದ ಲೆಕ್ಕ ಒಂದೆಡೆ ಸೇರಿದರೆ, ರೈತನ ಹೆಸರಿನಲ್ಲಿ ಬರೆದದ್ದು ರೈತನಿಗೆ ಸೇರಿತೇ ಎಂದು ಕೇಳುವುದು ಸುಲಭವಾಗುತ್ತದೆ. ಅಂದು ಅಷ್ಟು ಮಾತ್ರ ಆಗಿದ್ದರೂ ಸಣ್ಣ ಕೆಲಸವಲ್ಲ.

ಅದೇ ವರ್ಷ ಸಹಕಾರ ಸಂಘಗಳ ಬೆಳೆಸಾಲದ ಬಡ್ಡಿ ಶೇ 1ಕ್ಕೆ ಇಳಿಯಿತು. 10 ಲಕ್ಷ ರೈತರಿಗೆ ತಲಾ 10,000 ರೂಪಾಯಿವರೆಗೆ ಕೊಡುವ ಸುವರ್ಣಭೂಮಿಯೂ ಬಂತು. ಅರ್ಜಿಗಳು ಗುರಿ ಮೀರಿದ್ದರಿಂದ ಲಾಟರಿ ಎತ್ತಬೇಕಾಯಿತು. ಸರ್ಕಾರದ ನೆರವು ಚೀಟಿ ಎತ್ತುವವರ ಕೈಯಲ್ಲಿ ನಿಂತದ್ದು ವಿಚಿತ್ರವೇ ಸರಿ! 2019ರಲ್ಲಿ ಮತ್ತೆ ಮುಖ್ಯಮಂತ್ರಿಯಾದ ದಿನವೇ ಅವರು ಕೇಂದ್ರದ 6,000 ರೂಪಾಯಿ ಕಿಸಾನ್ ಸಮ್ಮಾನ್‌ಗೆ ರಾಜ್ಯದಿಂದ 4,000 ಸೇರಿಸುವುದಾಗಿ ಸಾರಿದರು. 2023ರಲ್ಲಿ ಬಂದ ಸರ್ಕಾರ ಅದನ್ನು ನಿಲ್ಲಿಸಿತು.

ಕೊಡುವ ಕೈಗೆ ಹಣ ಎಲ್ಲಿಂದ? 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ರಾಜ್ಯದ ಸಾಲಕ್ಕೆ ಕಡಿವಾಣ ಹಾಕಿದೆ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ಮೀರಬಾರದೆಂಬುದು ಅದರ ಕಟ್ಟಳೆ. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.71ರಿಂದ 3.65ರ ಆಸುಪಾಸಿಗೆ ಇಳಿಸಿತು. 2020ರ ಮಾರ್ಚ್ ಬಜೆಟ್‌ನಲ್ಲಿ ಯಡಿಯೂರಪ್ಪನವರು ಪೆಟ್ರೋಲ್ ತೆರಿಗೆಯನ್ನು ಶೇ 32ರಿಂದ 35ಕ್ಕೆ, ಡೀಸೆಲ್ ತೆರಿಗೆಯನ್ನು ಶೇ 21ರಿಂದ 24ಕ್ಕೆ ಏರಿಸಿದರು. ಸಮ್ಮಾನ್ ಹಣ ಪಡೆದ ರೈತನೇ ಟ್ರ್ಯಾಕ್ಟರ್‌ಗೆ ಡೀಸೆಲ್ ಹಾಕಿಸುವವನೂ ಹೌದು. ಅದರ ಬೆನ್ನಲ್ಲೇ ಕೋವಿಡ್ ಬಂತು. ಕಾಯ್ದೆ ತಿದ್ದಿ ಆ ವರ್ಷದ ಮಿತಿಯನ್ನು ಶೇ 5ಕ್ಕೆ ಏರಿಸಲಾಯಿತು. 2004–05ರಿಂದ ರಾಜಸ್ವ ಉಳಿತಾಯ ತೋರಿಸುತ್ತ ಬಂದಿದ್ದ ರಾಜ್ಯ, 2021ರ ಅವರ ಕೊನೆಯ ಬಜೆಟ್‌ನಲ್ಲಿ 15 ಸಾವಿರ ಕೋಟಿ ಮೀರಿದ ರಾಜಸ್ವ ಕೊರತೆ ತೋರಿಸಿತು. ದಿನನಿತ್ಯದ ಖರ್ಚಿಗೂ ಸಾಲ ಎಂಬುದು ಇದರರ್ಥ. ಕೋವಿಡ್ ಇಲ್ಲದಿದ್ದರೂ ಈ ಇಕ್ಕಟ್ಟು ಎಂದಾದರೊಮ್ಮೆ ಬರುವಂಥದ್ದೇ ಆಗಿತ್ತು. ವರ್ಷವರ್ಷ ಕೊಡಬೇಕಾದ ಬಾಬತ್ತುಗಳು ಬೆಳೆಯುತ್ತಿದ್ದವು, ಕಡಿಮೆಯಾಗುತ್ತಿರಲಿಲ್ಲ.

ಬೇಸಾಯಗಾರನಿಗೆ ನೇರ ಕೊಡಲು ಹಿಂಜರಿಯದ ಅವರ ಸರ್ಕಾರ, ಕಾರ್ಖಾನೆ ನಡೆಸುವ ವಿಷಯದಲ್ಲಿ ಕೈ ಬಿಗಿ ಹಿಡಿಯಿತು. ಮಂಡ್ಯಕ್ಕೆ ಇದು ತಟ್ಟಿದ ಮಾತು. 2020ರಲ್ಲಿ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ 40 ವರ್ಷಗಳ ಗುತ್ತಿಗೆಗೆ ನಿರಾಣಿ ಶುಗರ್ಸ್ ಪಾಲಾಯಿತು. ನಿಂತಿದ್ದ ಕಾರ್ಖಾನೆಯಲ್ಲಿ ಕಬ್ಬು ಅರೆಯುವಂತಾದೀತು ಎಂದು ನೆಮ್ಮದಿಪಟ್ಟವರೂ ಇದ್ದರು. 1933ರಲ್ಲಿ ಹುಟ್ಟಿದ ಮೈಷುಗರನ್ನೂ ಖಾಸಗಿಯವರಿಗೆ ವಹಿಸುವ ಪ್ರಸ್ತಾವ ಎದ್ದಾಗ ಮಾತ್ರ ರೈತ ಸಂಘಟನೆಗಳು ಬೀದಿಗಿಳಿದವು. 2021ರ ಜುಲೈಯಲ್ಲಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಕಾರ್ಖಾನೆಯನ್ನು ಸರ್ಕಾರದಲ್ಲೇ ಉಳಿಸಿಕೊಳ್ಳುವ ತೀರ್ಮಾನ ಮಾಡಿದ್ದು ಬಸವರಾಜ ಬೊಮ್ಮಾಯಿಯವರ ಸರ್ಕಾರ. 2022ರಲ್ಲಿ ಮೈಷುಗರ್ ಮತ್ತೆ ಕಬ್ಬು ಅರೆಯತೊಡಗಿತು, ಸರ್ಕಾರದ ಹಣದಲ್ಲೇ.