ಹೆತ್ತವಳು, ಸಾಕಿದವಳು
ದತ್ತುಮಗುವಿನ ಮಾತು ಬಂದರೆ ನಮ್ಮ ಮನೆಗಳಲ್ಲಿ ದನಿ ತಾನಾಗಿ ತಗ್ಗುತ್ತದೆ. ಗುಟ್ಟೇ ಮಗುವಿಗೆ ಹಿತವೆಂದು ಹಿರಿಯರ ನಂಬಿಕೆ. ಕರ್ಣನನ್ನು ನೆನೆಯಿರಿ: ಹೆತ್ತವಳಾರೆಂದು ಅವನಿಗೆ ಹೇಳಿದ್ದು ಯುದ್ಧ ಹೊಸ್ತಿಲಿಗೆ ಬಂದಾಗ! ತಿಳಿದ ಮೇಲೂ ಅವನು ರಾಧೆಯ ಮಗನಾಗಿಯೇ ಉಳಿದನಷ್ಟೆ, ಸಾಕಿದವರಿಗೆ ಅಂಜಿಕೆಯೇಕೆ?

ನ್ಯೂಜಿಲೆಂಡಿನಲ್ಲಿ ಎರಡು ಮನೆಗಳವರೂ ಒಬ್ಬರನ್ನೊಬ್ಬರು ಬಲ್ಲ 'ಮುಕ್ತ ದತ್ತಕ' ರೂಢಿಯಲ್ಲಿದೆ. ಹೆತ್ತವಳು ಪತ್ರ ಬರೆಯಬಹುದು, ಬಂದು ನೋಡಿಯೂ ಹೋಗಬಹುದು. ಬೆಳೆಸುವ ಹೊಣೆ ಸಾಕಿದವರದೇ. ನಮ್ಮಲ್ಲಿ ಅಷ್ಟಿಲ್ಲ. ಆದರೂ 2022ರ ದತ್ತಕ ನಿಯಮಗಳಂತೆ 18 ತುಂಬಿದವರು ತಮ್ಮ ಮೂಲವನ್ನರಸಲು ತಾವೇ ಅರ್ಜಿ ಹಾಕಬಹುದು. ಹೆತ್ತವರ ಗೋಪ್ಯಕ್ಕೆ ಮಾತ್ರ ಭಂಗ ಬರಬಾರದು.

ಅಷ್ಟು ವರ್ಷ ಕಾಯುವುದೇಕೆ? 'ಅಮ್ಮಾ, ನಾನು ನಿನ್ನ ಹೊಟ್ಟೆಯಲ್ಲಿದ್ದೆನೆ?' ಎಂದು ಮಗು ಕೇಳಿದಂದೇ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಬಿಡಿ, ನೆರೆಮನೆಯವರ ಬಾಯಿಂದ ಅದು ಕೇಳುವ ಮೊದಲು.